ಬಂದೂಕು ಒಳಗಿಟ್ಟು ಅಡ್ಡಾಡಲು ಬಿಡುವ ಗೇಮ್‌ಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಒಳ್ಳೆಯ ಪ್ಲೇಯರ್ ಅಲ್ಲ. ಕೈ ನಿಧಾನ. ಬಾಸ್, ಅಂದರೆ ಗೇಮ್‌ನ ದೊಡ್ಡ ಶತ್ರು, ಎದುರಿಗೆ ಬಂದು ನಿಂತರೆ ಯಾವ ಬಟನ್ ಎಲ್ಲಿದೆ ಅನ್ನೋದೇ ಮರೆತುಹೋಗುತ್ತದೆ. ಪುಣೆಗೆ ಬಂದು ಹದಿಮೂರು ವರ್ಷ ಆಯಿತು. ಹಿಂಜೆವಾಡಿಯಲ್ಲಿ ಕೆಲಸ, ಕರ್ವೆನಗರದಲ್ಲಿ ಮನೆ, ನಡುವೆ ಚಾಂದಣಿ ಚೌಕ್, ದಿನಕ್ಕೆ ಎರಡು ಗಂಟೆ ಟ್ರಾಫಿಕ್. ರಾತ್ರಿ ಮಗ ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ, ಬಹಳ ಅಂದರೆ ಒಂದೂವರೆ. ಆ ಹೊತ್ತಿನಲ್ಲಿ ಏನೇನು ಆಡಿದೆ, ಯಾವುದಕ್ಕೆ ಕೊಟ್ಟ ದುಡ್ಡು ಸಾರ್ಥಕ, ಯಾವುದು ದಂಡ ಅಂತ ಬರೆದಿಡೋಣ ಅನ್ನಿಸಿತು. ಆಫೀಸಿನಲ್ಲಿ ಕನ್ನಡದ ಹುಡುಗರು ನಾಲ್ಕು ಜನ ಇದ್ದೇವೆ, ಊಟದ ಹೊತ್ತಿಗೆ ಇದೇ ಜಗಳ. ಅವರಿಗೆ ಫ್ರೇಮ್ ರೇಟ್ ಮುಖ್ಯ, ಗ್ರಾಫಿಕ್ಸ್ ಮುಖ್ಯ. ನನ್ನ ಲೆಕ್ಕ ಬೇರೆ.

ಬಂದೂಕೋ ಕತ್ತಿಯೋ, ಕೈಯಲ್ಲಿ ಏನೇ ಇರಲಿ, ಅದನ್ನು ಒಳಗಿಟ್ಟು, ಮಿಷನ್, ಅಂದರೆ ಗೇಮ್ ಒಪ್ಪಿಸಿದ ಕೆಲಸ, ಪಕ್ಕಕ್ಕೆ ತಳ್ಳಿ, ಆ ಊರಲ್ಲಿ ಸುಮ್ನೆ ಅಡ್ಡಾಡಬೇಕು ಅನ್ನಿಸುತ್ತಾ? ಅನ್ನಿಸಿದರೆ ಗೇಮ್ ಪಾಸು. ಅನ್ನಿಸದಿದ್ದರೆ ಎಷ್ಟು ಕೋಟಿ ಹಾಕಿ ಮಾಡಿದ್ದರೂ ನನ್ನ ಪಾಲಿಗೆ ನಪಾಸು.

ಈ ಚಟ ಹತ್ತಿದ್ದು ಧಾರವಾಡದಲ್ಲಿ, ಜಿಟಿಎ ಸರಣಿಯ ವೈಸ್ ಸಿಟಿಯಿಂದ. 2002ರ ಗೇಮ್ ಅದು, ಕಂಪ್ಯೂಟರ್‌ಗೆ ಬಂದದ್ದು ಮರುವರ್ಷ, ನಮ್ಮ ಓಣಿಯ ಸೈಬರ್ ಕೆಫೆಗೆ ಬರುವಷ್ಟರಲ್ಲಿ ನಾನು ಪಿಯುಸಿ. ಗಂಟೆಗೆ ಹದಿನೈದು ರೂಪಾಯಿ. ಎಲ್ಲರ ಜೇಬಿನಲ್ಲೂ ಒಂದು ಚೀಟಿ, ಚೀಟಿಯ ತುಂಬಾ ಚೀಟ್ ಕೋಡ್. ಪ್ಯಾಂಜರ್ ಅಂತ ಟೈಪ್ ಮಾಡಿದರೆ ಎದುರಿಗೆ ಟ್ಯಾಂಕ್ ಪ್ರತ್ಯಕ್ಷ. ಲೀವ್ ಮಿ ಅಲೋನ್ ಅಂತ ಹೊಡೆದರೆ ಬೆನ್ನು ಹತ್ತಿದ ಪೊಲೀಸರು ಮಾಯ. ಹುಡುಗರೆಲ್ಲ ಟ್ಯಾಂಕ್ ಹತ್ತಿ ಊರು ಸುಡುತ್ತಿದ್ದರೆ ನಾನು ಸಮುದ್ರದ ಪಕ್ಕದ ರಸ್ತೆಯಲ್ಲಿ, ಸಿಗ್ನಲ್ ಕೆಂಪಾದರೆ ನಿಂತು, ಹಸಿರಾದ ಮೇಲೆ ಹೊರಟು, ರೇಡಿಯೋ ಕೇಳುತ್ತಾ ಗಾಡಿ ಓಡಿಸುತ್ತಿದ್ದೆ. ಪಕ್ಕದ ಸಿಸ್ಟಮ್‌ನ ಹುಡುಗ ನೋಡಿ, 'ಲೇ, ಹದಿನೈದ್ ರೂಪಾಯಿ ಕೊಟ್ಟು ಸಿಗ್ನಲ್‌ಗೆ ನಿಲ್ಲಾಕತ್ತಿಯಲ್ಲೋ' ಅಂತ ಇಡೀ ಕೆಫೆಗೆ ಕೇಳುವ ಹಾಗೆ ನಕ್ಕಿದ್ದ. ನಗಲಿ ಬಿಡಿ. ಸಮುದ್ರವನ್ನೇ ನೋಡಿರದ ನನಗೆ 1986ರ ಮಯಾಮಿಯಂಥ ಊರು, ಗುಲಾಬಿ ಬಣ್ಣದ ಸಂಜೆ, ಹೋಟೆಲ್‌ಗಳ ನೀಯಾನ್ ದೀಪ ಇಷ್ಟಕ್ಕೇ ಹದಿನೈದು ರೂಪಾಯಿ ವಸೂಲಾಗುತ್ತಿತ್ತು. ಕಥೆ ಮುಗಿಸಲೇ ಇಲ್ಲ. ಆಟಿಕೆ ಹೆಲಿಕಾಪ್ಟರ್‌ನಲ್ಲಿ ಬಾಂಬ್ ಒಯ್ದು ಅರ್ಧ ಕಟ್ಟಿದ ಬಿಲ್ಡಿಂಗ್ ಒಳಗೆ ಇಡುವ ಮಿಷನ್ ಇದೆಯಲ್ಲ, ಆಡಿದವರಿಗೆ ಗೊತ್ತು, ನಮ್ಮ ಅರ್ಧ ಧಾರವಾಡ ಅಲ್ಲೇ ನಿಂತುಹೋಗಿತ್ತು. 2021ರಲ್ಲಿ ಈ ಗೇಮ್‌ಗೆ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟರು. ಆಸೆಯಿಂದ ನೋಡಿದೆ, ಮಳೆ ಬಂದರೆ ಪರದೆ ಮೇಲೆ ಸುಣ್ಣದ ಗೆರೆ ಎಳೆದ ಹಾಗೆ ಇತ್ತು, ಮುಖಗಳು ಮೇಣದ ಗೊಂಬೆ. ಹಳೆಯದೇ ವಾಸಿ.

ಅದೇ ಕಂಪನಿಯ ರೆಡ್ ಡೆಡ್ ರಿಡೆಂಪ್ಷನ್ 2 ವಿಷಯಕ್ಕೆ ಬಂದರೆ ನಾನು ಸ್ವಲ್ಪ ಅತಿ ಮಾಡುತ್ತೇನೆ, ಹೆಂಡತಿ ಹಾಗಂತಾಳೆ. 2018ರಲ್ಲಿ ಬಂತು, ಪಿಎಸ್ 4 ಅನ್ನುವ ಗೇಮ್ ಪೆಟ್ಟಿಗೆಗೆ ಎರಡು ಡಿಸ್ಕ್, ಒಂದು ಇನ್‌ಸ್ಟಾಲ್ ಮಾಡಲಿಕ್ಕೆ, ಇನ್ನೊಂದು ಆಡಲಿಕ್ಕೆ. ಕಥೆ ನಡೆಯೋದು 1899ರಲ್ಲಿ. ದರೋಡೆಕೋರರ ಕಾಲ ಮುಗಿಯುತ್ತಾ ಬಂದಿದೆ, ಆರ್ಥರ್ ಮಾರ್ಗನ್ ಅನ್ನುವವನಿಗೆ ಅದು ಗೊತ್ತಾಗುತ್ತಿದೆ, ಅವನ ಗುರು ಡಚ್‌ಗೆ ಮಾತ್ರ ಗೊತ್ತಾಗುತ್ತಿಲ್ಲ. ಮೊದಲ ಅಧ್ಯಾಯ ಪೂರಾ ಹಿಮ, ಕುದುರೆ ಕಾಲೆಳೆದುಕೊಂಡು ನಡೆಯುತ್ತದೆ, ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಹಿಮ ಇಳಿದು ಕೆಳಗೆ ಹುಲ್ಲುಗಾವಲಿಗೆ ಬಂದಾಗ ಎದೆ ಒಂದು ಸಲ ಹಗುರಾಗುತ್ತದೆ. ಆಮೇಲೆ ನಾನು ಮಿಷನ್ ಕಡೆ ಹೋಗಿದ್ದೇ ಕಡಿಮೆ. ಕುದುರೆಗೆ ಮೈ ಉಜ್ಜು, ಮೀನು ಹಿಡಿ, ವ್ಯಾಲಂಟೈನ್ ಅನ್ನುವ ಕೆಸರು ಊರಲ್ಲಿ ದುಡ್ಡು ಕೊಟ್ಟು ಬಿಸಿನೀರಿನ ಸ್ನಾನ ಮಾಡು, ರಾತ್ರಿ ಬೆಂಕಿ ಹಾಕಿಕೊಂಡು ಕೂರು. ಆರ್ಥರ್ ತನ್ನ ಡೈರಿಯಲ್ಲಿ ನೋಡಿದ ಹಕ್ಕಿ, ಮರ, ಸೇತುವೆ ಎಲ್ಲದರ ಚಿತ್ರ ಬರೆಯುತ್ತಾನೆ. ಅಂಥ ಒರಟ ಅಷ್ಟು ಚೆಂದ ಬರೆಯುತ್ತಾನೆ.

ಒಂದು ಮಿಷನ್ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಸಾಲ ವಸೂಲಿಗೆ ಹೋಗೋದು. ರೋಗದ ಮನುಷ್ಯ, ಹಿಂದೆ ಹೆಂಡತಿ ಮಗ ನಿಂತಿದ್ದಾರೆ, ಅವನನ್ನು ಹೊಡೆಯುವ ಬಟನ್ ನಾವೇ ಒತ್ತಬೇಕು. ಸಾಲ ವಸೂಲಿಗೆ ಮನೆ ಬಾಗಿಲಿಗೆ ಬಂದವರನ್ನು ನೋಡಿ ಬೆಳೆದವನು ನಾನು. ಅಪ್ಪ ಆಗ ಹಿತ್ತಲಿನ ಬಾಗಿಲಿಂದ ಹೊಲಕ್ಕೆ ಹೋಗುತ್ತಿದ್ದರು, ಅವ್ವ ಮುಂದಿನ ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತಿದ್ದಳು. ಒತ್ತಲೋ ಬೇಡವೋ ಅಂತ ಕಂಟ್ರೋಲರ್ ಕೆಳಗಿಟ್ಟು ನೀರು ಕುಡಿದು ಬಂದೆ. ಒತ್ತದೆ ಕಥೆ ಮುಂದೆ ಹೋಗುವುದಿಲ್ಲ. ಆ ಹೊಡೆತದ ಬೆಲೆ ಏನು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ, ಹೇಳಿದರೆ ಆಡದವರ ಶಾಪ ತಟ್ಟುತ್ತದೆ.

ತಕರಾರೂ ಇದೆ. ಮಿಷನ್ ಹೊರಗೆ ಎಷ್ಟು ಸ್ವಾತಂತ್ರ್ಯವೋ ಒಳಗೆ ಅಷ್ಟೇ ಕಟ್ಟುನಿಟ್ಟು. ಅವರು ಹೇಳಿದ ದಾರಿ ಬಿಟ್ಟು ಹತ್ತು ಹೆಜ್ಜೆ ಪಕ್ಕಕ್ಕೆ ಹೋದರೆ ಮಿಷನ್ ಫೇಲ್. ಅಷ್ಟು ದೊಡ್ಡ ದೇಶ ಕಟ್ಟಿ, ಆಮೇಲೆ ಪ್ಯಾಸೇಜಿನಲ್ಲಿ ಸಾಲಾಗಿ ನಡೆಯಿರಿ ಅಂದರೆ ಹೇಗೆ?

ಈಗ ನಮ್ಮವರೆಲ್ಲ ಆಡಲೇಬೇಕಾದ ಗೇಮ್. ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ, 2017. ಕ್ಲೋಯಿ ಮತ್ತು ನಡೀನ್ ಅನ್ನುವ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಹೋಗುತ್ತಾರೆ. ಎಲ್ಲಿಗೆ? ಪಶ್ಚಿಮ ಘಟ್ಟಕ್ಕೆ. ಯಾರ ಕಾಲದ್ದು? ಹೊಯ್ಸಳರದ್ದು! ಅಮೆರಿಕದ ಕಂಪನಿ ಮಾಡಿದ ಗೇಮ್‌ನಲ್ಲಿ ಹಳೇಬೀಡು, ಬೇಲೂರು ಅನ್ನುವ ಹೆಸರು ಬರುತ್ತದೆ ಅಂತ ಆಫೀಸಿನ ಹುಡುಗ ಹೇಳಿದಾಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಉಚ್ಚಾರ ನಮ್ಮ ಕಿವಿಗೆ ಒಗ್ಗುವಂಥದ್ದಲ್ಲ, ಆದರೂ ಕ್ಲೋಯಿ ಬಾಯಲ್ಲಿ ಮೊದಲ ಸಲ ಹಳೇಬೀಡು ಅಂತ ಕೇಳಿದಾಗ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದು, ಹಿಂದಕ್ಕೆ ಹೋಗಿ ಎರಡನೇ ಸಲ ಕೇಳಿಸಿದೆ.

ನಾಲ್ಕನೇ ಅಧ್ಯಾಯದ ಹೆಸರೇ ಪಶ್ಚಿಮ ಘಟ್ಟ. ಇಡೀ ಗೇಮ್‌ನಲ್ಲಿ ನನಗೆ ಹಿಡಿಸಿದ್ದು ಇದೇ. ಒಂದು ಜೀಪು ಕೊಟ್ಟು, ಹೋಗು ಮಾರಾಯ ಎಲ್ಲಿಗೆ ಬೇಕೋ ಅಲ್ಲಿಗೆ ಅಂತ ಬಿಟ್ಟುಬಿಡುತ್ತಾರೆ. ಕೆಂಪು ಮಣ್ಣು, ಕೆಸರಿನಲ್ಲಿ ಚಕ್ರ ಜಾರೋದು, ತಿರುವಿಗೊಂದು ಜಲಪಾತ, ಗಿಡ ಬೆಳೆದು ಮುಚ್ಚಿದ ಕಲ್ಲಿನ ಮಂಟಪಗಳು. ಹನ್ನೊಂದು ಹೊಯ್ಸಳ ನಾಣ್ಯ ಹುಡುಕಿದರೆ ಒಂದು ಕೈಬಳೆ ಸಿಗುತ್ತದೆ, ಅದನ್ನು ಹಾಕಿಕೊಂಡರೆ ನಿಧಿ ಹತ್ತಿರ ಬಂದಾಗ ಗಲ್ ಗಲ್ ಅನ್ನುತ್ತದೆ. ಕಥೆಗೆ ಅದರ ಅಗತ್ಯವೇ ಇಲ್ಲ. ನಾನು ಹನ್ನೊಂದೂ ಹುಡುಕಿದೆ, ಒಂದು ವಾರ ಹಿಡಿಯಿತು. ಆನೆಯ ಮೇಲೆ ಕೂತು ಹೋಗುವ ಒಂದು ಜಾಗ ಇದೆ, ಅಲ್ಲಿ ಇಬ್ಬರೂ ಜಗಳ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಾರೆ, ಬಹಳ ಹಿಡಿಸಿತು.

ಆದರೆ ಹಳೇಬೀಡನ್ನು ಕಣ್ಣಾರೆ ನೋಡಿದವರಿಗೆ ನಗು ಬರದೆ ಇರುವುದಿಲ್ಲ. ಏಳನೇ ಕ್ಲಾಸಿನಲ್ಲಿ ಶಾಲೆಯ ಟ್ರಿಪ್ಪಿಗೆ ಹೋಗಿದ್ದೆ, ಕರ್ನಾಟಕದಲ್ಲಿ ಓದಿದ ಯಾರು ಹೋಗಿಲ್ಲ ಹೇಳಿ. ಘಟ್ಟವೂ ಇಲ್ಲ, ಜಲಪಾತವೂ ಇಲ್ಲ. ಸಪಾಟು ಬಯಲು, ಕೆರೆ, ತೆಂಗಿನ ತೋಟ. ಅಲ್ಲಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್, ಬಸ್ಸಿನಲ್ಲಿ ಅರ್ಧ ಗಂಟೆ. ಗೇಮ್‌ನಲ್ಲಿ ಬಂಡೆ ಹತ್ತಿ, ಹಗ್ಗ ಬೀಸಿ, ನೂರು ಜನಕ್ಕೆ ಗುಂಡು ಹೊಡೆದು ಹೋಗಬೇಕು. ಅದಿರಲಿ, ಗೇಮ್ ಅಂದಮೇಲೆ ಅಷ್ಟು ಇರಬೇಕು. ನನ್ನ ನಿಜವಾದ ತಕರಾರು ಬೇರೆ. ಗೇಮ್‌ನ ಹೊಯ್ಸಳರದ್ದು ಎಲ್ಲವೂ ದೈತ್ಯ. ಬೆಟ್ಟದಷ್ಟು ದೊಡ್ಡ ವಿಗ್ರಹಗಳು, ಕೊಡಲಿ ಬೀಸುವ ಕಲ್ಲಿನ ಯಂತ್ರಗಳು. ನೋಡಿದರೆ ಕಾಂಬೋಡಿಯಾದ ಅಂಕೋರ್ ನೆನಪಾಗುತ್ತದೆ, ಹಳೇಬೀಡಲ್ಲ. ನಿಜವಾದ ಹೊಯ್ಸಳರ ಜೋರು ಸಣ್ಣದರಲ್ಲಿ ಇರೋದು ಅಲ್ವಾ? ಬಳಪದ ಕಲ್ಲು, ಮೆತ್ತಗೆ ಕೊರೆಯಬಹುದು, ಅದಕ್ಕೇ ಬೆರಳಿನ ಉಂಗುರ, ಸೊಂಟದ ಪಟ್ಟಿಯ ಮಣಿ ಕೂಡ ಬಿಡಿಬಿಡಿಯಾಗಿ ಕಾಣುತ್ತವೆ. ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ಒಂದರಂತೆ ಇನ್ನೊಂದಿಲ್ಲ ಅಂತ ನಮ್ಮ ಮಾಸ್ತರು ಹೇಳಿದ್ದಕ್ಕೆ ನಾವು ಮೂರು ಹುಡುಗರು ಎಣಿಸಿ ಹೋಲಿಸುತ್ತಾ ಬಸ್ ತಪ್ಪಿಸಿಕೊಳ್ಳುವುದರಲ್ಲಿದ್ದೆವು. ಆ ಕಣ್ಣು ಗೇಮ್ ಮಾಡಿದವರಿಗೆ ಇರಲಿಲ್ಲ. 1311ರಲ್ಲಿ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ, ಅಂದರೆ ಇದೇ ಹಳೇಬೀಡಿಗೆ, ದಂಡೆತ್ತಿ ಬಂದದ್ದೇ ಒಂದು ಗೇಮ್‌ಗೆ ಸಾಕಾಗುವ ಕಥೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೋ ಪಟ್ಟಿಗೆ ಸೇರಿಸಿದಾಗ ಆಫೀಸಿನ ಮರಾಠಿ ಗೆಳೆಯ, 'ಅರೇ, ನಿಮ್ಮ ಅನ್‌ಚಾರ್ಟೆಡ್ ಊರು ಪೇಪರ್‌ನಲ್ಲಿ ಬಂದಿದೆ' ಅಂದ. ಇಷ್ಟಾದರೂ ಪ್ರಚಾರ ಆಯಿತಲ್ಲ.

ಎಂಟು ಹತ್ತು ಗಂಟೆಯಲ್ಲಿ ಮುಗಿಯುತ್ತದೆ, ಕೊನೆಯ ರೈಲಿನ ಭಾಗ ಸೊಗಸು, ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕರೆ ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ಅಂದೆ ನೋಡಿ, ನನ್ನ ಗ್ರಹಚಾರವನ್ನೂ ಹೇಳಿಬಿಡುತ್ತೇನೆ. ಬುಧವಾರ ಪೇಟೆಯ ತಪ್ಕೀರ್ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ ಸಾಮಾನು ಎಲ್ಲಾ ಸಿಗುತ್ತದೆ, ಚೌಕಾಸಿ ಮಾಡುವ ಬಾಯಿ ಇರಬೇಕು ಅಷ್ಟೇ. ಅಲ್ಲಿ ಒಂದು ಅಂಗಡಿಯಲ್ಲಿ, ಹೆಸರು ಬೇಡ, ಹಳೆಯ ಕಂಟ್ರೋಲರ್ ಒಂದನ್ನು ಹೊಸದರ ಅರ್ಧ ರೇಟಿಗೆ ತಂದೆ. ಮನೆಗೆ ಬಂದು ಹಾಕಿದರೆ ಎಡಗಡೆಯ ಸ್ಟಿಕ್ ಡ್ರಿಫ್ಟ್. ಮುಟ್ಟದೇ ಇದ್ದರೂ ಆರ್ಥರ್ ತಾನೇ ಮೆಲ್ಲಗೆ ಎಡಕ್ಕೆ ನಡೆದು ನದಿಗೆ ಇಳಿಯುತ್ತಾನೆ. ವಾಪಸ್ ಒಯ್ದರೆ ಅಂಗಡಿಯವ ಪಿನ್ನಿನಿಂದ ಏನೋ ಕೆರೆದು, ಗಾಳಿ ಊದಿ, 'ಝಾಲಂ ಸಾಹೇಬ್', ಆಯಿತು ಸಾಹೇಬ್ರೇ, ಅಂದ. ಎರಡು ದಿನ ಸರಿ ಇತ್ತು. ಹಳೇ ಕ್ಯಾಸೆಟ್ ಗೇಮ್ ಕಾಲದಿಂದ ನಮ್ಮ ದೇಶದಲ್ಲಿ ರಿಪೇರಿ ಅಂದರೆ ಊದೋದೇ ತಾನೇ. ಡಿಸ್ಕ್ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ, ಕಂಟ್ರೋಲರ್ ಬೇಡ.

ನಮ್ಮ ಪುರಾಣ ನಮ್ಮವರೇ ಮಾಡಿದರೆ ಹೇಗಿರುತ್ತದೆ ಅನ್ನೋದಕ್ಕೆ ರಾಜಿ ಇದೆ. ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್, 2020. ಮಾಡಿದ್ದು ಇದೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್. ಸಣ್ಣ ತಂಡ. ಅಕ್ಕ ರಾಜಿ, ತಮ್ಮ ಗೋಲು. ರಾಕ್ಷಸರು ತಮ್ಮನನ್ನು ಹೊತ್ತುಕೊಂಡು ಹೋಗುತ್ತಾರೆ, ಅಕ್ಕ ಹುಡುಕಿಕೊಂಡು ಹೊರಡುತ್ತಾಳೆ. ದುರ್ಗೆ ಮತ್ತು ವಿಷ್ಣು ಮೇಲಿಂದ ನೋಡುತ್ತಾ ಈ ಹುಡುಗಿ ಗೆಲ್ಲುತ್ತಾಳಾ ಅಂತ ಮಾತಾಡಿಕೊಳ್ಳುತ್ತಾರೆ, ಕಟ್ಟೆ ಮೇಲೆ ಕೂತ ಇಬ್ಬರು ಹಿರಿಯರ ಹಾಗೆ. ಕಥೆ ಹೇಳುವ ಭಾಗಗಳನ್ನು ನೆರಳು ಗೊಂಬೆಯಾಟದಲ್ಲಿ ತೋರಿಸಿದ್ದಾರೆ. ತೊಗಲುಗೊಂಬೆ ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ಕಟ್ಟಡಗಳು ರಾಜಸ್ಥಾನದ ಅರಮನೆಗಳ ಥರ, ಕಿಟಕಿಗಳಲ್ಲಿ ಬೆಳಕು ಬೀಳುವ ರೀತಿ ನೋಡುತ್ತಾ ನಿಂತುಬಿಟ್ಟಿದ್ದೇನೆ. ಆದರೆ ನಿಲ್ಲಬಹುದು, ಅಡ್ಡಾಡಲು ಆಗುವುದಿಲ್ಲ. ಕ್ಯಾಮೆರಾ ಅವರು ಇಟ್ಟಲ್ಲೇ ಇರುತ್ತದೆ. ದಾರಿ ಒಂದೇ. ಅಷ್ಟು ಚೆಂದದ ಅರಮನೆ ಕಟ್ಟಿ, ಬಾಗಿಲು ಹಾಕಿಕೊಂಡು ಹೊರಗಿಂದ ನೋಡಿ ಅಂದ ಹಾಗಾಯಿತು. ಹೊಡೆದಾಟವೂ ಸ್ವಲ್ಪ ಬಿಗಿ, ತ್ರಿಶೂಲ ಬೀಸಿದ್ದಕ್ಕೂ ರಾಕ್ಷಸನಿಗೆ ತಾಗಿದ್ದಕ್ಕೂ ನಡುವೆ ಒಂದು ಗಳಿಗೆ ಅಂತರ ಇದ್ದ ಹಾಗೆ ಅನ್ನಿಸುತ್ತದೆ. ಐದಾರು ಗಂಟೆಗೆ ಮುಗಿದುಹೋಗುತ್ತದೆ, ಮುಗಿಯುವುದೂ ಧಾರಾವಾಹಿಯ ಶುಕ್ರವಾರದ ಕಂತಿನ ಹಾಗೆ.

ಇಷ್ಟೆಲ್ಲಾ ಬೈದರೂ ದುಡ್ಡು ಕೊಟ್ಟೇ ಆಡಿ ಅನ್ನುತ್ತೇನೆ. ಆ ವರ್ಷ ಗೇಮ್ ಅವಾರ್ಡ್ಸ್‌ನಲ್ಲಿ ಹೊಸ ತಂಡಗಳ ಮೊದಲ ಗೇಮ್‌ಗಳ ಪಟ್ಟಿಯಲ್ಲಿ ರಾಜಿ ಹೆಸರು ಬಂದಿತ್ತು. ಗೆದ್ದದ್ದು ದೆವ್ವದ ಗೇಮ್ ಫಾಸ್ಮೋಫೋಬಿಯಾ. ಆದರೂ ಪುಣೆಯ ಹೆಸರು ಅಲ್ಲಿಗೆ ಹೋಯಿತಲ್ಲ. ಪುಣೆಗೂ ಗೇಮ್‌ಗೂ ಇನ್ನೊಂದು ನಂಟಿದೆ. ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್, 2003ರದ್ದು, ಕಠಾರಿಯ ಗುಂಡಿ ಒತ್ತಿದರೆ ಕಾಲ ಹಿಂದಕ್ಕೆ ಹೋಗುವ ಆ ಗೇಮ್, ಅದನ್ನು ಹೊಸದಾಗಿ ಮಾಡುವ ಕೆಲಸ 2020ರಲ್ಲಿ ಯೂಬಿಸಾಫ್ಟ್ ಕಂಪನಿಯ ಪುಣೆ, ಮುಂಬೈ ಸ್ಟುಡಿಯೋಗಳ ಕೈಯಲ್ಲಿತ್ತು. ಟ್ರೇಲರ್ ಬಂದಾಗ ಜಗತ್ತಿನವರೆಲ್ಲ ಸೇರಿ ಬೈದರು. 2022ರಲ್ಲಿ ಕೆಲಸ ಅದೇ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋಗೆ ಹೋಯಿತು. ಟ್ರೇಲರ್ ನನಗೂ ಹಿಡಿಸಿರಲಿಲ್ಲ, ನಿಜ. ಆದರೂ ಆ ಸುದ್ದಿ ಓದಿದ ದಿನ ಪಕ್ಕದ ಮನೆಯ ಹುಡುಗ ಪರೀಕ್ಷೆಯಲ್ಲಿ ಫೇಲಾದ ಹಾಗೆ ಬೇಜಾರಾಯಿತು.

ಎಲ್ಡೆನ್ ರಿಂಗ್. 2022ರ ಗೇಮ್, ಆ ವರ್ಷದ ದೊಡ್ಡ ಪ್ರಶಸ್ತಿ ಇದಕ್ಕೇ ಬಂತು. ನನ್ನಿಂದ ಆಗಲಿಲ್ಲ. ಬಾಗಿಲು ತೆರೆದು ಹೊರಗೆ ಬಂದರೆ ಎದುರಿಗೇ ಬಂಗಾರದ ಕವಚ ತೊಟ್ಟ ಕುದುರೆ ಸವಾರ ಓಡಾಡುತ್ತಿರುತ್ತಾನೆ. ನೋಡಲಿಕ್ಕೆ ದಸರಾ ಮೆರವಣಿಗೆಯಿಂದ ತಪ್ಪಿಸಿಕೊಂಡು ಬಂದವನ ಹಾಗಿದ್ದಾನೆ, ಮಾತಾಡಿಸೋಣ ಅಂತ ಹೋದೆ. ಒಂದೇ ಏಟು. ಅವನನ್ನು ಹೊಡೆಯಲೇಬೇಕು ಅಂತ ನಾಲ್ಕು ರಾತ್ರಿ ಕಳೆದ ಮೇಲೆ ಆಫೀಸಿನ ಹುಡುಗ ಹೇಳಿದ, 'ಸರ್, ಅವನನ್ನು ಬಿಟ್ಟು ಪಕ್ಕದಿಂದ ಹೋಗಬಹುದು.' ಯಾರೂ ಹೇಳಲಿಲ್ಲವಲ್ಲ! ಈ ಗೇಮ್‌ನಲ್ಲಿ ಯಾರೂ ಏನೂ ಹೇಳುವುದಿಲ್ಲ. ಸುಲಭ, ಕಷ್ಟ ಅಂತ ಆರಿಸಿಕೊಳ್ಳುವ ಸೌಲಭ್ಯವೂ ಇಲ್ಲ.

ನನ್ನ ಲೆಕ್ಕದ ಪ್ರಕಾರ ಇದಕ್ಕೆ ನೂರಕ್ಕೆ ನೂರು ಕೊಡಬೇಕು, ಯಾಕೆಂದರೆ ಅಡ್ಡಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೂರದಲ್ಲಿ ಏನು ಕಂಡರೂ ಅಲ್ಲಿಗೆ ಹೋಗಬಹುದು. ತೊಂದರೆ ಏನೆಂದರೆ ಅಡ್ಡಾಡಲು ಬಿಡುತ್ತಾರೆ, ಬದುಕಲು ಬಿಡುವುದಿಲ್ಲ. ಒಂದು ಪಾಳುಬಿದ್ದ ಜಾಗದಲ್ಲಿ ಪೆಟ್ಟಿಗೆ ಕಂಡಿತು. ತೆರೆದೆ. ಹೊಗೆ ಬಂತು. ಕಣ್ಣು ಬಿಟ್ಟರೆ ಕೇಲಿಡ್ ಅನ್ನುವ ಸೀಮೆಯ ಗಣಿಯೊಳಗೆ ಇದ್ದೇನೆ, ಮೈತುಂಬಾ ಹುಳದಂಥ ಪ್ರಾಣಿಗಳು ಬಂದು ಚುಚ್ಚುತ್ತಿವೆ. ಅಲ್ಲಿಂದ ಮ್ಯಾಪ್ ತೆಗೆದು ಬೇರೆ ಕಡೆ ಹಾರಲೂ ಆಗುವುದಿಲ್ಲ, ಮೊದಲು ಕಾಲ್ನಡಿಗೆಯಲ್ಲಿ ಗಣಿಯಿಂದ ಹೊರಗೆ ಬರಬೇಕು. ಬಂದೆ, ಸತ್ತು ಸತ್ತು ಬಂದೆ. ಹೊರಗೆ ಬಂದರೆ ಆಕಾಶವೆಲ್ಲ ಕೆಂಪು, ನೆಲ ಕೊಳೆತ ಹಾಗೆ, ಆಳೆತ್ತರದ ನಾಯಿಗಳು. ಮತ್ತೆ ಗಣಿಯೊಳಗೇ ಹೋಗೋಣ ಅನ್ನಿಸಿತು. ಮಾರ್ಗಿಟ್ ಅನ್ನುವ ಬಾಸ್ ಹತ್ತಿರ ಮೂರು ವಾರ ಸತ್ತು, ಅಲ್ಲಿಗೆ ಬಿಟ್ಟೆ. ಗೇಮ್ ಕೆಟ್ಟದ್ದಲ್ಲ. ದಿನಕ್ಕೆ ಒಂದೇ ಗಂಟೆ ಇರುವವನು ಆ ಒಂದು ಗಂಟೆಯೂ ಸಾಯುತ್ತಾ ಕೂರಬೇಕಾ ಅನ್ನೋದು ಅವರವರ ಇಷ್ಟ.

ನನ್ನ ಲೆಕ್ಕಕ್ಕೆ ಸಿಗದ ಗೇಮ್‌ಗಳೂ ಇವೆ, ಮುಚ್ಚಿಡುವುದಿಲ್ಲ. ಇಎ ಕ್ರಿಕೆಟ್ 07, ಬಂದದ್ದು 2006ರ ಕೊನೆಗೆ. ಅಡ್ಡಾಡಲಿಕ್ಕೆ ಅಲ್ಲಿ ಏನಿದೆ, ಮೈದಾನ ಬಿಟ್ಟರೆ? ಇಂಡಿಯಾ ಟೀಮಿನ ಹೆಸರುಗಳೂ ತಿರುಚಿದ ಹೆಸರುಗಳು, ಲೈಸನ್ಸ್ ಇರಲಿಲ್ಲ. ರಿಚೀ ಬೆನೋ, ಮಾರ್ಕ್ ನಿಕೋಲಸ್ ಅದೇ ನಾಲ್ಕು ಮಾತು ತಿರುಗಿಸಿ ಮುರುಗಿಸಿ ಹೇಳುತ್ತಾರೆ, ನನಗೆ ಬಾಯಿಪಾಠ. ಆದರೂ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಇದೆ. ಹುಡುಗರು ಪುಕ್ಕಟೆ ಪ್ಯಾಚ್ ಮಾಡಿ ಹೊಸ ಆಟಗಾರರು, ಹೊಸ ಜರ್ಸಿ ಹಾಕಿ ಅದನ್ನು ಇವತ್ತಿಗೂ ಜೀವಂತ ಇಟ್ಟಿದ್ದಾರೆ. ಆಮೇಲೆ ಬಂದ ಕ್ರಿಕೆಟ್ ಗೇಮ್‌ಗಳು ನೋಡಲಿಕ್ಕೆ ಚೆನ್ನಾಗಿವೆ, ಆದರೆ ಕವರ್ ಡ್ರೈವ್ ಹೊಡೆದಾಗ ಕೈಗೆ ಆ ಸುಖ ಸಿಗುವುದಿಲ್ಲ. ಇದು ವಯಸ್ಸಿನ ದೋಷ ಇರಬಹುದು. ಕಾಂಟ್ರಾ ಅನ್ನುವ ಹಳೇ ಕ್ಯಾಸೆಟ್ ಗೇಮ್ ಕೂಡ ಹಾಗೇ, ಶುರುವಿನಲ್ಲಿ ಒತ್ತುವ ಬಟನ್‌ಗಳು ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮೂವತ್ತು ಜೀವ. ಮಗ್ಗಿ ಮರೆತರೂ ಇದು ಮರೆಯಲ್ಲ.

ಫುಟ್‌ಬಾಲ್ ಗೇಮ್ ಪ್ರತಿ ವರ್ಷ ಕೊಳ್ಳುವುದನ್ನು ಬಿಟ್ಟೆ. ಫಿಫಾ ಹೆಸರು ಹೋಗಿ 2023ರಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ ಆಯಿತು, ಒಳಗೆ ಅಲ್ಟಿಮೇಟ್ ಟೀಮ್ ಅನ್ನುವ ಲಾಟರಿ ಅಂಗಡಿ ಹಾಗೇ ಇದೆ. ಗೇಮ್‌ಗೆ ದುಡ್ಡು ಕೊಟ್ಟ ಮೇಲೆ ಯಾವ ಆಟಗಾರ ಸಿಗುತ್ತಾನೋ ಅಂತ ಪ್ಯಾಕ್ ತೆರೆಯಲಿಕ್ಕೆ ಮತ್ತೆ ದುಡ್ಡು ಯಾಕೆ? ಮೊಬೈಲಿನ ಗುಂಡಿನ ಕಾಳಗ ಬಿಜಿಎಂಐ ಬಗ್ಗೆ ಅಳಿಯನನ್ನು ಕೇಳಿ, ನಾನು ಪ್ಯಾರಾಶೂಟಿನಿಂದ ಇಳಿದ ಎರಡು ನಿಮಿಷಕ್ಕೆ ಯಾರೋ ಹನ್ನೆರಡು ವರ್ಷದ ಹುಡುಗ ಹೊಡೆದುಹಾಕಿ ಮೈಕಿನಲ್ಲಿ ನಕ್ಕು ಹೋಗುತ್ತಾನೆ.

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ಹೇಳಬೇಕೆಂದರೆ ಅಪ್ಪನ ಬಗ್ಗೆ ಹೇಳಬೇಕು. 2016ರ ಗೇಮ್, ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಚಿತ್ರ, ಸಂಗೀತ, ಕೋಡು ಎಲ್ಲಾ ತಾನೇ ಮಾಡಿದ್ದು. ಶುರುವಿನಲ್ಲಿ ನೀವು ದೊಡ್ಡ ಕಂಪನಿಯ ಆಫೀಸಿನಲ್ಲಿ ಡಬ್ಬಿಯಂಥ ಜಾಗದಲ್ಲಿ ಕೂತಿರುತ್ತೀರಿ, ತೀರಿಹೋದ ಅಜ್ಜನ ಪತ್ರ ತೆರೆಯುತ್ತೀರಿ, ಹಳ್ಳಿಯಲ್ಲಿ ಹೊಲ ಬಿಟ್ಟುಹೋಗಿದ್ದಾನೆ. ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಯಾರಿಗಾದರೂ ಈ ಮೊದಲ ಐದು ನಿಮಿಷ ತೋರಿಸಿ, ರಾಜೀನಾಮೆ ಬರೆಯುತ್ತಾರೆ. ಅಪ್ಪ ಕಣ್ಣಿನ ಆಪರೇಷನ್‌ಗೆ ಅಂತ ಪುಣೆಗೆ ಬಂದಿದ್ದರು. ಒಂದು ರಾತ್ರಿ ನಿದ್ದೆ ಬಾರದೆ ಬಂದು ಪಕ್ಕದಲ್ಲಿ ಕೂತರು.

'ಇದೇನ್ ಬೆಳಿನೋ?'

'ಪಾರ್ಸ್ನಿಪ್ ಅಂತಪ್ಪಾ, ಮೂಲಂಗಿ ಥರ.'

'ಎಷ್ಟ್ ದಿನದ್ದು?'

'ನಾಲ್ಕು ದಿನ.'

'ನಾಕ್ ದಿನದಾಗ ಮೂಲಂಗಿ ಬಂದ್ರ ನಾವ್ಯಾಕ ಸಾಲಾ ಮಾಡ್ತಿದ್ವಿ?'

ಬೆಳೆ ಕಿತ್ತು ಮನೆ ಮುಂದಿನ ಪೆಟ್ಟಿಗೆಗೆ ಹಾಕಿದರೆ ರಾತ್ರಿ ಒಯ್ಯುತ್ತಾರೆ, ಬೆಳಿಗ್ಗೆ ದುಡ್ಡು ಬಂದಿರುತ್ತದೆ ಅಂತ ತೋರಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, 'ದಲಾಲಿ ಯಾರಿಗೆ?' ಅಂದರು. ದಲಾಲಿ ಇಲ್ಲ ಅಂದೆ. 'ತೂಕದಾಗೂ ಹೊಡಿಯೂದಿಲ್ಲಾ?' ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸುಳ್ಳ ಆಟ ಇದು' ಅಂತ ತೀರ್ಪು ಕೊಟ್ಟರು. ವಸಂತದ 28 ದಿನ ಮುಗಿದು ಬೇಸಿಗೆ ಬಂದ ಬೆಳಿಗ್ಗೆ, ಉಳಿದ ಬೆಳೆಯೆಲ್ಲ ಒಂದೇ ರಾತ್ರಿಯಲ್ಲಿ ಒಣಗಿ ನಿಂತದ್ದನ್ನು ನೋಡಿ ಮಾತ್ರ, 'ಇದ ಒಂದ್ ಖರೇ ಐತಿ' ಅಂದರು. ಊರಿಗೆ ಹೋದ ಮೇಲೆ ಫೋನ್ ಮಾಡಿದಾಗೆಲ್ಲ ಕೊನೆಯಲ್ಲಿ ಕೇಳುತ್ತಾರೆ, 'ನಿನ್ ಮೂಲಂಗಿಗೆ ನೀರ್ ಹಾಕಿದೇನು?' ಆ ಗೇಮ್‌ನ ಮೀನು ಹಿಡಿಯುವ ಭಾಗ ಬಹಳ ಕಿರಿಕಿರಿ, ಮೇಲೆ ಕೆಳಗೆ ಹಾರುವ ಮೀನಿನ ಹಿಂದೆ ಹಸಿರು ಪಟ್ಟಿ ಓಡಿಸಬೇಕು, ಕೈ ನಿಧಾನ ಇದ್ದವರಿಗೆ ಆಗುವ ಕೆಲಸವಲ್ಲ. ಇನ್ನೊಂದು ಮಾತು, ಈ ಗೇಮ್‌ನಲ್ಲಿ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ಪುಣೆಯಲ್ಲಿ ಗುರುವಾರ ಮೇಂಟೆನೆನ್ಸ್ ಅಂತ ಕರೆಂಟ್ ತೆಗೆಯುತ್ತಾರೆ, ರಜೆ ಹಾಕಿದ ಒಂದು ಗುರುವಾರ ಇಡೀ ದಿನದ ಕುಂಬಳಕಾಯಿ ಕೊಯ್ಲು ಹಾಗೇ ಹೋಯಿತು. ಇನ್ವರ್ಟರ್ ಇಲ್ಲದವರು ಹುಷಾರು.

ಕೊನೆಯದು ವೆಂಬಾ, 2023. ತಮಿಳು ಕುಟುಂಬ ಕೆನಡಾಕ್ಕೆ ಹೋಗಿ ನೆಲೆಸಿದ ಕಥೆ. ಒಂದೂವರೆ ಗಂಟೆಗೆ ಮುಗಿಯುತ್ತದೆ. ಅಷ್ಟಕ್ಕೆ ಅಷ್ಟು ದುಡ್ಡಾ ಅಂತ ಆಫೀಸಿನ ಹುಡುಗರು ಕೇಳಿದರು. ಅವರಿಗಿನ್ನೂ ಮದುವೆಯಾಗಿಲ್ಲ. ಗೇಮ್ ಅಂದರೆ ಅಡುಗೆ ಮಾಡೋದು. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದು ಅಕ್ಷರ ಅಳಿಸಿಹೋಗಿದೆ, ಉಳಿದ ಅರ್ಧ ಸಾಲಿನಿಂದ ಊಹೆ ಮಾಡಿ ಮಾಡಬೇಕು. ಮೊದಲನೆಯದೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೆ ಒಂದು ಇಡುವಾಗ ಮೇಲಿನ ತಟ್ಟೆಯ ತೂತು ಕೆಳಗಿನ ಇಡ್ಲಿಯ ಮೇಲೆ ಬರುವ ಹಾಗೆ ಇಡಬೇಕು, ಇಲ್ಲದಿದ್ದರೆ ಇಡ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಲವತ್ತರ ಹತ್ತಿರ ಬಂದವನು, ಬದುಕಿನ ಅರ್ಧ ಇಡ್ಲಿ ತಿಂದೇ ಬೆಳೆದವನು, ಇದು ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ತಪ್ಪಿಟ್ಟೆ. ಹೆಂಡತಿ ಹಿಂದಿನಿಂದ, 'ಅಯ್ಯೋ, ತಿರುಗಿಸ್ರೀ ಅದನ್ನ' ಅಂತ ಕಂಟ್ರೋಲರ್ ಕಿತ್ತುಕೊಂಡಳು. ಹತ್ತು ವರ್ಷದಲ್ಲಿ ಅವಳು ಕಂಟ್ರೋಲರ್ ಮುಟ್ಟಿದ್ದು ಅದೇ ಮೊದಲು. ಆಮೇಲೆ ಇಡೀ ಗೇಮ್ ಅವಳೇ ಆಡಿದಳು, ನಾನು ನೋಡಿದೆ.

ಗೇಮ್‌ನಲ್ಲಿ ಆ ಕುಟುಂಬದ ಮಗ ದೊಡ್ಡವನಾಗುತ್ತಾ ಹೋದ ಹಾಗೆ ಅವನಿಗೆ ಮನೆಯ ಮಾತು ದೂರವಾಗುತ್ತದೆ. ಅಪ್ಪ ಅಮ್ಮ ತಮಿಳಿನಲ್ಲಿ ಮಾತಾಡುವಾಗ ಅವನಿಗೆ ತಿಳಿಯದ ಕಡೆ ಪರದೆ ಮೇಲಿನ ಅಕ್ಷರ ಮಸುಕಾಗುತ್ತದೆ. ಅಷ್ಟೇ. ಯಾರೂ ಏನೂ ವಿವರಿಸುವುದಿಲ್ಲ. ನನ್ನ ಹೆಂಡತಿ ಅಲ್ಲಿ ಸ್ವಲ್ಪ ಹೊತ್ತು ಬಟನ್ ಒತ್ತಲಿಲ್ಲ. ಒಳಗೆ ಮಲಗಿದ್ದ ನಮ್ಮ ಒಂಬತ್ತು ವರ್ಷದವ ಎದ್ದು ಬಂದು, ಪರದೆ ಮೇಲಿನ ಇಡ್ಲಿ ಪಾತ್ರೆ ನೋಡಿ, 'ಹೇ ತರ್ ಆಜೀ ಕರತೇ ತಸಂಚ್ ಆಹೇ' ಅಂದ. ಅಜ್ಜಿ ಮಾಡುವ ಹಾಗೇ ಇದೆ ಅಂತ. ಕನ್ನಡದಲ್ಲಿ ಹೇಳು ಅಂದೆ. ಸ್ವಲ್ಪ ಯೋಚನೆ ಮಾಡಿ, 'ಅಜ್ಜಿ ಮಾಡ್ತಾಳ ಹಂಗ' ಅಂದ, ಅವ್ವನ ಧಾಟಿಯಲ್ಲೇ.

ಅಡ್ಡಾಡಲಿಕ್ಕೆ ಆ ಗೇಮ್‌ನಲ್ಲಿ ಒಂದು ಅಡುಗೆಮನೆ ಬಿಟ್ಟರೆ ಜಾಗವೇ ಇಲ್ಲ, ನನ್ನ ಲೆಕ್ಕ ಇಲ್ಲಿ ಕೆಲಸ ಮಾಡಲಿಲ್ಲ.

ಎಲ್ಡೆನ್ ರಿಂಗ್ ಡಿಸ್ಕ್ ಮಾರಲಿಕ್ಕೆ ಇಟ್ಟಿದ್ದೆ, ವಾಕಡ್‌ನ ಒಬ್ಬ ಹುಡುಗ ಭಾನುವಾರ ಬಂದು ಒಯ್ಯುತ್ತೇನೆ ಅಂದಿದ್ದಾನೆ. ಇವತ್ತು ಶುಕ್ರವಾರ. ಆ ಬಂಗಾರದ ಸವಾರನನ್ನು ಇನ್ನೊಂದು ಸಲ ನೋಡಿಕೊಳ್ಳುತ್ತೇನೆ, ಅವನು ಸತ್ತರೆ ಡಿಸ್ಕ್ ಕೊಡುವುದಿಲ್ಲ.